ಹೋಲಿಕೆ ಮತ್ತು ಹೊಂದಿಕೆ

ನಮ್ಮದು ತೆಂಗಿನ ಸೀಮೆ. ಹಾಲ್ಕುರಿಕೆಯ ಸುತ್ತಮುತ್ತ ಯಾವ ದಿಕ್ಕಿಗೆ ಕಣ್ಣು ಹಾಯಿಸಿದರೂ ತೆಂಗಿನ ತೋಟಗಳೇ ಕಾಣುತ್ತವೆ. ನಮ್ಮ ಊರ ಮನೆಗಳ ಅಟ್ಟದ ಮೇಲೆ ಕಾಯಿಗಳು ಹತ್ತು ಹನ್ನೊಂದು ತಿಂಗಳ ಕಾಲ ಒಣಗಿ, ಚಿಪ್ಪಿನೊಳಗೇ ಉಂಡೆ ಕೊಬ್ಬರಿಯಾಗುತ್ತವೆ. ಅಟ್ಟ ಹತ್ತಿ ನೋಡಿದ ಹೊಸಬನಿಗೆ ಅಲ್ಲಿರುವ ಸಾವಿರ ಕಾಯಿಗಳೂ ಒಂದೇ. ಮನೆಯ ಹಿರಿಯರು ಮಾತ್ರ ಒಂದೊಂದನ್ನೇ ಎತ್ತಿ, ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ನೀರು ಕುಲುಕಿದರೆ ಅದಿನ್ನೂ ಹಸಿ. ಗಿಟುಕು ಚಿಪ್ಪಿಗೆ ತಾಗಿ ಗಡಗಡನೆ ಸದ್ದು ಮಾಡಿದರೆ ಅದು ಸುಲಿಯಲು ಸಿದ್ಧ. ಕಣ್ಣಿಗೆ ಒಂದೇ ಎಂದು ಕಂಡದ್ದು ಕಿವಿಗೆ ಬೇರೆಯಾಗಿ ಕೇಳುತ್ತದೆ.

ಎರಡು ವಸ್ತುಗಳು ಒಂದನ್ನೊಂದು ಹೋಲುವುದು ಬೇರೆ, ಒಂದರ ಜಾಗಕ್ಕೆ ಇನ್ನೊಂದು ಹೊಂದುವುದು ಬೇರೆ. ಹೋಲಿಕೆ ಕಣ್ಣಿನ ಮಾತು. ಹೊಂದಿಕೆ ಅಳತೆಯ ಮಾತು. ಬಾಲ್ಯದಿಂದಲೂ ಕೇಳಿದ್ದ ಈ ಮಾತಿನ ತೂಕವನ್ನು ನನಗೆ ತಿಳಿಸಿಕೊಟ್ಟದ್ದು ಯಾವ ಗ್ರಂಥವೂ ಅಲ್ಲ. ಒಂದು ಮೋಟಾರ್ ಸೈಕಲ್ಲಿನ ಮುಂದಿನ ಗಾಲಿ ಮತ್ತು ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದ ಒಬ್ಬ ಮೆಕ್ಯಾನಿಕ್.

ಮೋಟಾರ್ ಸೈಕಲ್ಲಿಗೆ ಮುಂಚೆ ನಮ್ಮ ಸೀಮೆಯ ವಾಹನವೆಂದರೆ ಎತ್ತಿನ ಗಾಡಿ. ಗಾಡಿಯ ಗಾಲಿಯನ್ನು ಮಾಡುತ್ತಿದ್ದವರು ಊರಿನ ಬಡಗಿಗಳು. ಅದಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸುತ್ತಿದ್ದವರು ಕಮ್ಮಾರರು. ಒಬ್ಬೊಬ್ಬ ಬಡಗಿಯ ಮೊಳ ಒಂದೊಂದು ಬಗೆ. ಹೀಗಾಗಿ ಒಂದು ಗಾಡಿಯ ಗಾಲಿಯನ್ನು ಇನ್ನೊಂದರ ಅಚ್ಚಿಗೆ ಏರಿಸಬೇಕಾದರೆ ಗುಂಬವನ್ನು ಕೆತ್ತಬೇಕು, ಇಲ್ಲವೇ ಬಟ್ಟೆ ಸುತ್ತಿ ಬಿಗಿ ಮಾಡಬೇಕು. ಆಮೇಲೆ ಕೀಲೆಣ್ಣೆ ಹಚ್ಚಿ ಕಡಾಣಿ ಹೊಡೆದರೆ ಗಾಡಿ ಹೇಗೋ ಸಾಗುತ್ತಿತ್ತು. ಗಾಲಿ ತುಸು ಓಲಾಡಿದರೂ ಪ್ರಾಣಕ್ಕೆ ಸಂಚಕಾರವಿರಲಿಲ್ಲ. ಎತ್ತಿನ ನಡಿಗೆ ಅಳತೆಯ ತಪ್ಪನ್ನು ಮನ್ನಿಸುತ್ತದೆ. ಎಂಜಿನ್ನಿನ ವೇಗ ಮನ್ನಿಸದು.

ಆ ವೇಗವನ್ನು ನಮ್ಮ ನಾಡಿನ ಹಳ್ಳಿಗಳಿಗೆ ತಂದ ವಾಹನಗಳಲ್ಲಿ ಜಾವಾ ಮುಖ್ಯವಾದದ್ದು. ಅದರ ಹೆಸರಿಗೂ ಒಂದು ಕತೆಯುಂಟು. 1929ರಲ್ಲಿ ಚೆಕೊಸ್ಲೊವಾಕಿಯಾ ದೇಶದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ಲನ್ನು ತಯಾರಿಸುವ ಹಕ್ಕನ್ನು ಪಡೆದನು. ಯಾನೆಚೆಕ್, ವಾಂಡರರ್ ಎಂಬ ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ 'ಯಾವಾ' ಆಯಿತು. ನಮ್ಮ ನಾಲಗೆಯಲ್ಲಿ ಅದು 'ಜಾವಾ' ಎಂದು ನಿಂತಿತು. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರು ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿ ತಲೆಯೆತ್ತಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರು. 1973ರಿಂದ ಆ ಕಾರ್ಖಾನೆಯ ವಾಹನಗಳು 'ಯೆಜ್ದಿ' ಎಂಬ ಹೆಸರಿನಲ್ಲಿ ಹೊರಬಂದವು. ಇದು ಇರಾನಿನ ಯಜ್ದ್ ನಗರದಿಂದ ಬಂದ ಹೆಸರು. 1978ರಲ್ಲಿ 'ರೋಡ್‌ಕಿಂಗ್' ಬಂದಿತು. ಎರಡು ಸೈಲೆನ್ಸರುಗಳು, ಕಿಕ್ಕರನ್ನೇ ಮುಂದಕ್ಕೆ ಮಡಿಸಿದರೆ ಗೇರಾಗುವ ವಿಚಿತ್ರ ಜೋಡಣೆ, ಪೆಟ್ರೋಲಿನೊಡನೆ ಎಣ್ಣೆ ಉರಿಯುವ ಆ ವಾಸನೆ, ಇವುಗಳಿಂದ ಈ ಕುಟುಂಬದ ವಾಹನಗಳನ್ನು ಕಣ್ಣು ಮುಚ್ಚಿಯೂ ಗುರುತಿಸಬಹುದಾಗಿತ್ತು. 1996ರಲ್ಲಿ ಕಾರ್ಖಾನೆಯ ತಯಾರಿಕೆ ನಿಂತಿತು. ಆದರೆ ವಾಹನಗಳು ನಿಲ್ಲಲಿಲ್ಲ. ಹೊಸ ಬಿಡಿಭಾಗ ಸಿಗದ ಊರುಗಳಲ್ಲಿ ಒಂದರ ಅಂಗವನ್ನು ಇನ್ನೊಂದಕ್ಕೆ ಜೋಡಿಸಿ ಓಡಿಸುವ ಕಾಲ ಪ್ರಾರಂಭವಾಯಿತು.

ನನ್ನ ತಮ್ಮನ ಬಳಿ ಅಂಥದೊಂದು ರೋಡ್‌ಕಿಂಗ್ ಇತ್ತು. ನಾನು ಮೇಷ್ಟರ ಕೆಲಸ ಹಿಡಿದು ಊರೂರು ತಿರುಗಿದೆ. ಅವನು ಹಾಲ್ಕುರಿಕೆಯಲ್ಲಿಯೇ ನಿಂತು ತೋಟ ನೋಡಿಕೊಂಡ. ತೋಟಕ್ಕೆ ಗೊಬ್ಬರ ತರಲು, ಕೆಟ್ಟ ಪಂಪನ್ನು ರಿಪೇರಿಗೆ ಒಯ್ಯಲು, ಕೊಬ್ಬರಿಯ ಧಾರಣೆ ವಿಚಾರಿಸಲು ತಿಪಟೂರಿಗೆ ಹೋಗಿ ಬರಲು ಅವನಿಗೆ ಆ ಗಾಡಿಯೇ ಕಾಲು. ಮೈಸೂರಿನ ಕಾರ್ಖಾನೆ ಮುಚ್ಚಿ ಕೆಲವು ವರ್ಷಗಳಾಗಿದ್ದವು. ಒಂದು ಸಂಜೆ ಅವನ ಗಾಡಿ ರಸ್ತೆಯ ಗುಂಡಿಗೆ ಬಿದ್ದು ಮುಂದಿನ ಗಾಲಿಯ ರಿಮ್ಮು ಸೊಟ್ಟಗಾಯಿತು. ಏಳೆಂಟು ಕಡ್ಡಿಗಳು ಮುರಿದವು. ಮರುದಿನ ಬೆಳಗ್ಗೆ ಅವನ ಮಗನಿಗೆ ತಿಪಟೂರಿನಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆ. ನಾನೂ ಆ ದಿನ ಊರಿನಲ್ಲಿದ್ದೆ.

ನಮ್ಮ ಚಿಕ್ಕಪ್ಪನ ಹಟ್ಟಿಯ ಮೂಲೆಯಲ್ಲಿ ಹಳೆಯ ಜಾವಾ ಒಂದು ಮಡಲುಗಳ ಮರೆಯಲ್ಲಿ ತುಕ್ಕು ಹಿಡಿಯುತ್ತ ನಿಂತಿತ್ತು. ಎಂಜಿನ್ನು ಕೆಟ್ಟಿತ್ತು, ಗಾಲಿ ಮಾತ್ರ ದುಂಡಗೆ ತಿರುಗುತ್ತಿತ್ತು. "ಒಂದೇ ಕಾರ್ಖಾನೆಯ ಮಾಲು, ಅಣ್ಣ. ಇದರದ್ದು ತೆಗೆದು ಅದಕ್ಕೆ ಹಾಕಿದರಾಯಿತು" ಎಂದು ತಮ್ಮ ಹೊರಟುನಿಂತ. ನನಗೂ ಅದು ಸರಿಯೆಂದೇ ತೋರಿತು. ಎರಡು ಗಾಲಿಗಳನ್ನೂ ಚಿಕ್ಕಪ್ಪನ ಗಾಡಿಯಲ್ಲಿ ಹೇರಿಕೊಂಡು ಮೆಕ್ಯಾನಿಕ್ಕಿನ ಅಂಗಡಿಗೆ ಹೋದೆವು. ಆತನನ್ನು ಸುತ್ತಿನವರೆಲ್ಲ ಮೇಸ್ತ್ರಿ ಎಂದೇ ಕರೆಯುತ್ತಿದ್ದರು.

ಮೇಸ್ತ್ರಿ ಗಾಲಿಗಳನ್ನು ಅಕ್ಕಪಕ್ಕದಲ್ಲಿ ಗೋಡೆಗೆ ಒರಗಿಸಿದ. ಆಗಲೇ ಒಂದು ಗಿಡ್ಡ, ಇನ್ನೊಂದು ಎತ್ತರ ಎಂಬುದು ನಮಗೂ ಕಂಡಿತು. ಹಳೆಯ ಜಾವಾದ ರಿಮ್ಮು 16 ಅಂಗುಲದ್ದು; ರೋಡ್‌ಕಿಂಗಿನದು 18. ಅನಂತರ ಆತ ಗೂಡಿನಿಂದ ಒಂದು ವರ್ನಿಯರ್ ಕ್ಯಾಲಿಪರನ್ನು ಹೊರತೆಗೆದ. 1631ರಲ್ಲಿ ಫ್ರಾನ್ಸಿನ ಪಿಯರ್ ವರ್ನಿಯರ್ ಕಂಡುಹಿಡಿದ ಆ ಅಳತೆಯ ಉಪಾಯವನ್ನು ನಮ್ಮ ಶಾಲೆಯ ವಿಜ್ಞಾನದ ಬೀರುವಿನಲ್ಲಿ ಮಾತ್ರ ನಾನು ಕಂಡಿದ್ದೆ. ಮೇಸ್ತ್ರಿ ಅದರಿಂದ ಅಚ್ಚಿನ ದಪ್ಪವನ್ನು ಅಳೆದ, ಹಬ್ಬಿನ ಅಗಲವನ್ನು ಅಳೆದ, ಫೋರ್ಕಿನ ಎರಡು ಕಾಲುಗಳ ನಡುವಣ ಅಂತರವನ್ನು ಅಳೆದ. ಕೊನೆಯಲ್ಲಿ ಬ್ರೇಕಿನ ತಟ್ಟೆಯನ್ನು ಬಹಳ ಹೊತ್ತು ತಿರುಗಿಸಿ ನೋಡಿ ತಲೆಯಾಡಿಸಿದ.

"ನೋಡೋಕೆ ಒಂದೇ ಥರ ಇದೆ ಮೇಷ್ಟ್ರೇ. ಆದ್ರೆ ಕೂರಲ್ಲ" ಎಂದ.

"ವಾಷರ್ ಹಾಕಿ ಕೂರಿಸಪ್ಪ. ನಾಳೆ ಒಂದು ದಿನ ಓಡಿದರೆ ಸಾಕು" ಎಂದು ತಮ್ಮ ಬೇಡಿಕೊಂಡ.

"ಕೂರಿಸಬಹುದು ಯಜಮಾನ್ರೇ. ಓಡೋದೂ ಓಡುತ್ತೆ. ನಿಲ್ಲಿಸಬೇಕಾದಾಗ ಏನಾಗುತ್ತೆ ಅನ್ನೋದು ನನಗೆ ಗೊತ್ತು" ಎಂದನಾತ.

ಆತನ ಮಾತಿನ ಅರ್ಥ ತಿಳಿಯಬೇಕಾದರೆ ಮುಂದಿನ ಗಾಲಿ ಏನೇನು ಕೆಲಸ ಮಾಡುತ್ತದೆ ಎಂಬುದನ್ನು ನೋಡಬೇಕು. ಹಿಂದಿನ ಗಾಲಿ ವಾಹನವನ್ನು ತಳ್ಳುತ್ತದೆ. ಮುಂದಿನದು ದಾರಿ ತೋರಿಸುತ್ತದೆ, ಗುಂಡಿಯ ಏಟನ್ನು ಮೊದಲು ತಿನ್ನುತ್ತದೆ, ನಿಲ್ಲಿಸುವ ಹೊರೆಯಲ್ಲಿ ದೊಡ್ಡ ಪಾಲನ್ನು ಹೊರುತ್ತದೆ. ಬ್ರೇಕು ಹಿಡಿದೊಡನೆ ಸವಾರನ ಮೈ ಮುಂದಕ್ಕೆ ಬಾಗುವುದನ್ನು ನೀವೂ ಸೈಕಲ್ಲಿನ ಮೇಲೆ ಅನುಭವಿಸಿರಬಹುದು. ಅದೇ ರೀತಿ ವಾಹನದ ಭಾರವೂ ಮುಂದಿನ ಗಾಲಿಯ ಮೇಲೆ ಬೀಳುತ್ತದೆ.

ಡ್ರಮ್ ಬ್ರೇಕಿನಲ್ಲಿ ಗಾಲಿಯೊಡನೆ ಡ್ರಮ್ಮು ತಿರುಗುತ್ತದೆ. ಅದರೊಳಗೆ ಬ್ರೇಕ್ ಶೂಗಳನ್ನು ಹೊತ್ತ ತಟ್ಟೆ ತಿರುಗದೆ ನಿಲ್ಲಬೇಕು. ಹಾಗೆ ನಿಲ್ಲಲೆಂದು ತಟ್ಟೆಯಲ್ಲಿ ಒಂದು ಕಚ್ಚು, ಫೋರ್ಕಿನ ಕಾಲಿನಲ್ಲಿ ಅದಕ್ಕೆ ತಕ್ಕ ಒಂದು ಗುಬುಟು ಇರುತ್ತದೆ. ಕೆಲವು ವಾಹನಗಳಲ್ಲಿ ಇವೆರಡರ ಬದಲು ಒಂದು ಉಕ್ಕಿನ ಪಟ್ಟಿ ಇರುತ್ತದೆ. ಸವಾರ ಬ್ರೇಕು ಹಿಡಿದಾಗ ಗಾಲಿಯ ತಿರುಗುವ ಬಲವನ್ನೆಲ್ಲ ತಡೆಯುವುದು ಈ ಸಣ್ಣ ಹಿಡಿತವೇ. ಇದು ತಪ್ಪಿದರೆ ತಟ್ಟೆ ಡ್ರಮ್ಮಿನೊಡನೆ ತಾನೂ ತಿರುಗಿ, ಬ್ರೇಕಿನ ಕೇಬಲ್ಲನ್ನು ಸುತ್ತಿಕೊಂಡು, ಗಾಲಿಯನ್ನು ಒಮ್ಮೆಗೇ ಹಿಡಿದುಬಿಡುತ್ತದೆ. ಚಿಕ್ಕಪ್ಪನ ಜಾವಾದ ಗಾಲಿ ಅಷ್ಟು ವರ್ಷಗಳಲ್ಲಿ ಯಾರ ಯಾರ ಕೈಯಲ್ಲಿ ಏನೇನು ಬದಲಾವಣೆ ಕಂಡಿತ್ತೋ, ಅದರ ತಟ್ಟೆಯ ಕಚ್ಚು ರೋಡ್‌ಕಿಂಗಿನ ಫೋರ್ಕಿಗೆ ಸೇರುತ್ತಿರಲಿಲ್ಲ.

ಗಾಲಿ ಗಿಡ್ಡವಾದರೇನು ಎಂದು ನಾನು ಕೇಳಿದೆ. ಮೇಸ್ತ್ರಿ ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ತೋರಿಸಿದ. ಫೋರ್ಕು ನೆಟ್ಟಗೆ ನಿಂತಿರುವುದಿಲ್ಲ. ಹಿಂದಕ್ಕೆ ಓರೆಯಾಗಿ ವಾಲಿರುತ್ತದೆ. ಹ್ಯಾಂಡಲು ತಿರುಗುವ ಕೊಳವೆಯ ನಟ್ಟನಡುವಿನಿಂದ ಕೆಳಗಿನವರೆಗೆ ಒಂದು ಗೆರೆ ಎಳೆದರೆ ಅದು ನೆಲವನ್ನು ಮುಟ್ಟುವ ಜಾಗ, ಟೈರು ನೆಲವನ್ನು ಮುಟ್ಟುವ ಜಾಗಕ್ಕಿಂತ ಕೊಂಚ ಮುಂದಿರುತ್ತದೆ. ಈ ಅಂತರವನ್ನು ಬಲ್ಲವರು 'ಟ್ರೇಲ್' ಎನ್ನುತ್ತಾರೆ. ಹಗ್ಗ ಹಿಡಿದು ನಡೆಯುವವನ ಹಿಂದೆ ಕರು ಬರುವಂತೆ, ಟೈರು ಆ ಮುಂದಿನ ಬಿಂದುವನ್ನು ಹಿಂಬಾಲಿಸುತ್ತದೆ. ಆದ್ದರಿಂದಲೇ ಗಾಡಿ ಅತ್ತಿತ್ತ ಹೊರಳದೆ ನೇರವಾಗಿ ಓಡುತ್ತದೆ. ಗಾಲಿ ಕಿರಿದಾದರೆ ಮುಂಭಾಗ ತಗ್ಗುತ್ತದೆ, ಅಂತರ ಕುಗ್ಗುತ್ತದೆ, ಹ್ಯಾಂಡಲು ಚಂಚಲವಾಗುತ್ತದೆ. ಗಾಲಿ ದೊಡ್ಡದಾದರೆ ಹ್ಯಾಂಡಲು ತಿರುಗಿಸಲು ಭಾರವಾಗುತ್ತದೆ, ಟೈರು ಮಡ್‌ಗಾರ್ಡಿಗೆ ತಾಗಲೂಬಹುದು. ಒಂದು ಗುಂಡಿ ಎದುರಾದಾಗ ತಟಕ್ಕನೆ ತಪ್ಪಿಸಬೇಕಾದ ಸವಾರನಿಗೆ ಈ ವ್ಯತ್ಯಾಸ ಸಣ್ಣದಲ್ಲ.

ವೇಗದ ಲೆಕ್ಕವೂ ತಪ್ಪುತ್ತದೆ. ಮುಂದಿನ ಗಾಲಿಯಿಂದ ಸ್ಪೀಡೋಮೀಟರಿನ ಕೇಬಲ್ಲು ಹೊರಡುವ ಒಂದು ವಾಹನವನ್ನು ತೆಗೆದುಕೊಳ್ಳಿ. ಟೈರೂ ಸೇರಿ 24 ಅಂಗುಲ ಅಡ್ಡಳತೆಯ ಗಾಲಿಗೆಂದು ಮೀಟರನ್ನು ಮಾಡಿದ್ದು, ಅಲ್ಲಿ 22.5 ಅಂಗುಲದ ಗಾಲಿಯನ್ನು ಹಾಕಿದರೆ, ಮುಳ್ಳು 60 ಕಿಲೋಮೀಟರ್ ತೋರಿಸುವಾಗ ವಾಹನ ನಿಜವಾಗಿ ಓಡುವುದು 56.25 ಕಿಲೋಮೀಟರ್ ಮಾತ್ರ. ಗಾಲಿಗಳನ್ನು ಅದಲುಬದಲು ಮಾಡಿದರೆ ಅಪಾಯ ಹೆಚ್ಚು. ಮುಳ್ಳು 60 ಎನ್ನುವಾಗ ಸವಾರ 64ರಲ್ಲಿ ಹೋಗುತ್ತಿರುತ್ತಾನೆ, ಅದು ಅವನಿಗೆ ತಿಳಿದಿರುವುದಿಲ್ಲ.

ತಮ್ಮನಿಗೆ ಈ ಲೆಕ್ಕಗಳಾವುವೂ ಬೇಕಿರಲಿಲ್ಲ. ಮಗನ ಪರೀಕ್ಷೆಯೊಂದೇ ಅವನ ತಲೆಯಲ್ಲಿತ್ತು. "ನೀನು ಹಾಕದಿದ್ದರೆ ಹಾಕಿಕೊಡುವವರು ಬೇರೆ ಇದ್ದಾರೆ" ಎಂದು ಸಿಡುಕಿದ. ಮೇಸ್ತ್ರಿ ಕೋಪಿಸಿಕೊಳ್ಳಲಿಲ್ಲ. ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು ಮೆಲ್ಲನೆ ಹೇಳಿದ: "ನಾನು ಹುಡುಗನಾಗಿ ಕೆಲಸ ಕಲೀತಿದ್ದಾಗ ಹೀಗೇ ಒಬ್ಬರಿಗೆ ಅರ್ಜೆಂಟಿತ್ತು. ನಮ್ಮ ಗುರುಗಳು ಬೇರೆ ಗಾಡಿ ಗಾಲಿ ಹಾಕಿ, ಬ್ರೇಕಿನ ತಟ್ಟೇನ ತಂತೀಲಿ ಬಿಗಿದು ಕಟ್ಟಿದ್ರು. ತಂತಿ ಎತ್ತಿ ಕೊಟ್ಟವನು ನಾನೇ. ಇಳಿಜಾರಲ್ಲಿ ಬ್ರೇಕ್ ಹಿಡಿದಾಗ ತಂತಿ ಕಿತ್ತೋಯ್ತು. ಆ ಮನುಷ್ಯ ಉಳಿದ, ಕಾಲು ಉಳೀಲಿಲ್ಲ. ಗಾಡಿ ಸೀಟಿನ ಹಿಂದೆ ಆವತ್ತು ಯಾರೂ ಕೂತಿರಲಿಲ್ಲ, ಅದೊಂದು ಪುಣ್ಯ. ನಾಳೆ ನಿಮ್ಮ ಹಿಂದೆ ಮಗ ಕೂರ್ತಾನೆ."

ತಮ್ಮ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ?" ಎಂದು ನನ್ನನ್ನು ಕೇಳಿದ. ಮರುದಿನ ತಂದೆ ಮಗ ಇಬ್ಬರೂ ಬಸ್ಸಿನಲ್ಲಿ ನಿಂತುಕೊಂಡೇ ತಿಪಟೂರಿಗೆ ಹೋದರು. ಹುಡುಗ ಪರೀಕ್ಷೆಯನ್ನು ಹೊತ್ತಿಗೆ ಸರಿಯಾಗಿ ಬರೆದ.

ಮೇಸ್ತ್ರಿ ತುಮಕೂರಿನಿಂದ 18 ಅಂಗುಲದ ರಿಮ್ಮನ್ನೂ ಕಡ್ಡಿಗಳನ್ನೂ ತರಿಸಿ, ರೋಡ್‌ಕಿಂಗಿನ ಹಳೆಯ ಹಬ್ಬಿಗೇ ಹೊಸ ಗಾಲಿಯನ್ನು ಕಟ್ಟಿದ. ಒಂದೊಂದು ಕಡ್ಡಿಯನ್ನೂ ಬೆರಳಿನಿಂದ ಮೀಟಿ, ನಾದ ಕೇಳಿ, ಬಿಗಿಯನ್ನು ಹೊಂದಿಸಿ ಔಟು ತೆಗೆಯುವುದನ್ನು ನಾನು ಬೆರಗಿನಿಂದ ನೋಡುತ್ತ ಕುಳಿತೆ. ಹಬ್ಬಿನೊಳಗಿನ ಒಂದು ಬೇರಿಂಗ್ ಸವೆದಿತ್ತು. ಆಗ ಆತ ಚಿಕ್ಕಪ್ಪನ ಗಾಲಿಯ ಬೇರಿಂಗನ್ನು ಹೊರತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು, ಅದರ ಅಂಚಿನಲ್ಲಿ ಕೊರೆದಿದ್ದ ಅಂಕಿಯನ್ನು ಓದಿದ. ಅಂಕಿ ಅದೇ ಆಗಿತ್ತು. ಅಳತೆಯೂ ಅದೇ. ಅದನ್ನು ಒಂದು ಮಾತನ್ನೂ ಆಡದೆ ರೋಡ್‌ಕಿಂಗಿಗೆ ಕೂರಿಸಿದ. ಇಡೀ ಗಾಲಿಗೆ 'ಆಗದು' ಎಂದವನೇ ಬೇರಿಂಗಿಗೆ 'ಆಗಬಹುದು' ಎಂದ. ಎರಡು ಮಾತನ್ನೂ ಆತನಿಂದ ಆಡಿಸಿದ್ದು ಅಳತೆಯೇ.

ಈ ಬೇರಿಂಗಿನ ಅಂಕಿಗಳಲ್ಲಿ ಒಂದು ದೊಡ್ಡ ತತ್ತ್ವ ಅಡಗಿದೆ. 6202 ಎಂಬ ಬೇರಿಂಗಿನ ಒಳ ಅಡ್ಡಳತೆ 15 ಮಿಲಿಮೀಟರ್, ಹೊರ ಅಡ್ಡಳತೆ 35, ದಪ್ಪ 11. ಯಾವ ದೇಶದ ಯಾವ ಕಂಪನಿ ಮಾಡಿದರೂ ಇಷ್ಟೇ. ಮನೆಯ ಚಾವಣಿಯ ಫ್ಯಾನಿನಲ್ಲಿಯೂ ಅದನ್ನು ಕಾಣಬಹುದು. 6302ರ ಒಳ ಅಡ್ಡಳತೆಯೂ 15 ಮಿಲಿಮೀಟರೇ. ಆದರೆ ಹೊರ ಅಡ್ಡಳತೆ 42, ದಪ್ಪ 13. ಎರಡೂ ಒಂದೇ ಅಚ್ಚಿನ ಮೇಲೆ ಏರುತ್ತವೆ. ಒಂದೇ ಗೂಡಿನಲ್ಲಿ ಮಾತ್ರ ಕೂರುವುದಿಲ್ಲ.

ಹೀಗೆ ಲೋಕಕ್ಕೆಲ್ಲ ಒಂದೇ ಅಳತೆ ದೊರಕಿದ್ದು ಒಂದು ದಿನದಲ್ಲಲ್ಲ. ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲಿಯೂ ಒಂದೊಂದು ಕಾರ್ಖಾನೆಯ ತಿರುಪುಮೊಳೆ ಒಂದೊಂದು ತೆರನಾಗಿತ್ತು. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಎಂಬ ಎಂಜಿನಿಯರನು ಎಲ್ಲ ತಿರುಪುಗಳ ಮರೆಗೂ ಒಂದೇ ಕ್ರಮವಿರಲಿ ಎಂದು ಸೂಚಿಸಿದನು. 1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಎಂಬಲ್ಲಿ ಒಂದು ಸ್ವಾರಸ್ಯಕರವಾದ ಪರೀಕ್ಷೆ ನಡೆಯಿತು. ಅಮೆರಿಕದ ಕ್ಯಾಡಿಲಾಕ್ ಕಂಪನಿಯ ಮೂರು ಕಾರುಗಳನ್ನು ಪೂರ್ತಿಯಾಗಿ ಬಿಚ್ಚಿ, ಭಾಗಗಳನ್ನೆಲ್ಲ ಒಂದೇ ರಾಶಿಯಲ್ಲಿ ಕಲಸಿದರು. 89 ಭಾಗಗಳನ್ನು ಬದಿಗಿಟ್ಟು ಅವುಗಳ ಬದಲು ಉಗ್ರಾಣದ ಹೊಸ ಭಾಗಗಳನ್ನು ಸೇರಿಸಿದರು. ಆ ರಾಶಿಯಿಂದಲೇ ಮತ್ತೆ ಮೂರು ಕಾರುಗಳನ್ನು ಜೋಡಿಸಿ 500 ಮೈಲಿ ಓಡಿಸಿದರು. ಮೂರೂ ಓಡಿದವು. ಅಳತೆ ನಿಜವಾಗಿದ್ದರೆ ಅದಲುಬದಲು ಸಾಧ್ಯ ಎಂಬುದು ಅಂದು ಎಲ್ಲರ ಕಣ್ಣೆದುರಿಗೆ ಸಿದ್ಧವಾಯಿತು. ನಮ್ಮ ದೇಶದಲ್ಲಿ ಈ ಕೆಲಸಕ್ಕೆಂದೇ 1947ರಲ್ಲಿ ಭಾರತೀಯ ಮಾನಕ ಸಂಸ್ಥೆ ಸ್ಥಾಪನೆಯಾಯಿತು. 1987ರಿಂದ ಅದರ ಹೊಣೆಯನ್ನು ಭಾರತೀಯ ಮಾನಕ ಬ್ಯೂರೋ ವಹಿಸಿಕೊಂಡಿದೆ.

ಇಂದು ಜಾವಾ, ಯೆಜ್ದಿ ಹೆಸರುಗಳು ಮತ್ತೆ ರಸ್ತೆಗೆ ಬಂದಿವೆ. ತಗ್ಗಿನ ಸೀಟು, ಮುಂದಕ್ಕೆ ಚಾಚಿದ ಫೋರ್ಕುಗಳುಳ್ಳ ಕ್ರೂಸರ್ ಎಂಬ ಮಾದರಿಯ ಮೋಟಾರ್ ಸೈಕಲ್ಲುಗಳ ಮೇಲೆ ತರುಣರಿಗೆ ಬಹಳ ಮೋಹ. ಒಂದರ ಗಾಲಿ ಚೆನ್ನಾಗಿ ಕಂಡರೆ ಅದನ್ನು ತನ್ನ ವಾಹನಕ್ಕೆ ಹಾಕಿಸಿಕೊಳ್ಳುವ ಆಸೆ ಈಗ ಕೊರತೆಯಿಂದ ಹುಟ್ಟುವುದಿಲ್ಲ, ಸೊಗಸಿನಿಂದ ಹುಟ್ಟುತ್ತದೆ. ರಾಯಲ್ ಎನ್‌ಫೀಲ್ಡ್ ಕಂಪನಿಯು 2020ರಲ್ಲಿ ಹೊರತಂದ ಮೀಟಿಯರ್, 2022ರಲ್ಲಿ ಹೊರತಂದ ಹಂಟರ್ ಇವೆರಡೂ ಒಂದೇ 349 ಸಿಸಿ ಎಂಜಿನ್ನಿನ ವಂಶದವು. ಆದರೆ ಮೀಟಿಯರಿನ ಮುಂದಿನ ಗಾಲಿ 19 ಅಂಗುಲ, ಹಂಟರಿನದು 17. ಫೋರ್ಕಿನ ಕೊಳವೆಗಳ ದಪ್ಪ ಒಂದೇ ಆದರೂ ಉದ್ದ, ಓರೆ, ಅಚ್ಚು ಕೂರುವ ಜಾಗ ಇವೆಲ್ಲ ಒಂದೇ ಎಂದು ಅದರಿಂದ ತಿಳಿಯುವಂತಿಲ್ಲ. ಡಿಸ್ಕ್ ಬ್ರೇಕಿನ ತಟ್ಟೆ ಎರಡು ಮಿಲಿಮೀಟರ್ ಪಕ್ಕಕ್ಕೆ ಸರಿದರೂ ಕ್ಯಾಲಿಪರಿಗೆ ಉಜ್ಜಬಹುದು. ಗಾಲಿ ಜಾರದಂತೆ ಕಾಯುವ ಎ.ಬಿ.ಎಸ್. ಏರ್ಪಾಟು ಗಾಲಿಯ ಜೊತೆಗೆ ತಿರುಗುವ ಬಳೆಯ ಕಿಂಡಿಗಳನ್ನು ಎಣಿಸಿ ವೇಗವನ್ನು ತಿಳಿಯುತ್ತದೆ. ಕಿಂಡಿಗಳ ಸಂಖ್ಯೆ ಬೇರೆಯಾದರೆ ಕಾವಲುಗಾರನಿಗೇ ಲೆಕ್ಕ ತಪ್ಪುತ್ತದೆ. ತಯಾರಕರು ಗೊತ್ತುಮಾಡಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ತಡೆಯುತ್ತದೆ. ಹಾಗೆಂದು ಬದಲಾಯಿಸುವುದೇ ತಪ್ಪಲ್ಲ. ಅದೇ ಅಳತೆಯ, ಅದೇ ಬಗೆಯ ಭಾಗವನ್ನು ಬಲ್ಲವರ ಕೈಯಿಂದ ಹಾಕಿಸಿದರೆ ಹಳೆಯ ವಾಹನವೂ ದೀರ್ಘಾಯುವಾಗಿ ಓಡುತ್ತದೆ.

ಕೈಕೆಲಸ ಬಲ್ಲವರನ್ನು ನಾವು ಹೊಗಳುವುದು ಅವರು ಏನನ್ನು ಮಾಡಿಕೊಟ್ಟರು ಎಂಬುದಕ್ಕಾಗಿ. ಏನನ್ನು ಮಾಡಲು ಒಪ್ಪಲಿಲ್ಲ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಸಂಜೆ ಮೇಸ್ತ್ರಿ ಎರಡು ವಾಷರ್ ಸೇರಿಸಿ, ಒಂದು ತುಂಡು ತಂತಿ ಬಿಗಿದು, ಕೂಲಿಯನ್ನು ಜೇಬಿಗಿಳಿಸಬಹುದಾಗಿತ್ತು. ನಾವು ಸಂತೋಷದಿಂದಲೇ ಕೊಡುತ್ತಿದ್ದೆವು. ಆತನಿಗೆ ನಮ್ಮ ಸಿಡುಕು ಸಿಕ್ಕಿತು, ಕೂಲಿ ತಡವಾಯಿತು. ಆಗದ ಕೆಲಸವನ್ನು ಆಗದು ಎಂದು ಗಿರಾಕಿಯ ಮುಖ ನೋಡಿ ಹೇಳಲು ಅಳತೆಯ ಜ್ಞಾನ ಬೇಕು. ಅದರ ಜೊತೆಗೆ, ಆ ವಾಹನದ ಮೇಲೆ ಕೂರುವವರು ಯಾರು ಎಂಬ ನೆನಪೂ ಬೇಕು. ಮೊದಲನೆಯದನ್ನು ಶಾಲೆಯಲ್ಲಿ ಕಲಿಯಬಹುದು. ಎರಡನೆಯದನ್ನು ನನ್ನ ತಮ್ಮನ ಮಗ ಅಂದು ಬಸ್ಸಿನ ಕಂಬಿ ಹಿಡಿದು ನಿಂತೇ ಕಲಿತನೆಂದು ಕಾಣುತ್ತದೆ. ಈಗ ಅವನಿಗೂ ಮಗನಿದ್ದಾನೆ, ಮನೆಯಲ್ಲಿ ಬೇರೆ ಮೋಟಾರ್ ಸೈಕಲ್ ಇದೆ. ಯಾವ ಬಿಡಿಭಾಗ ತಂದರೂ ಅವನು ಮೊದಲು ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕದಲ್ಲಿಟ್ಟು ಅಳೆಯುತ್ತಾನೆ.